ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮತ್ತು ವಿಜ್ಞಾನದ ಪಾಠಗಳನ್ನು ಜೋಡಿಸುವುದು ಹೇಗೆ?

ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳು ಹತ್ತನೆಯ ತರಗತಿಯವರೆಗೆ ವಿಜ್ಞಾನವನ್ನು ಕನ್ನಡದಲ್ಲಿ ಕಲಿಯುತ್ತಾರೆ. ಪಿಯುಸಿಯಲ್ಲಿ ವಿಜ್ಞಾನ ವಿಭಾಗ ಸೇರಿದ ಮೊದಲ ವಾರದಲ್ಲೇ, ಬಹುತೇಕ ಕಾಲೇಜುಗಳಲ್ಲಿ, ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರದ ಪಾಠಗಳನ್ನು ಇಂಗ್ಲಿಷಿನಲ್ಲಿ ಕೇಳಬೇಕಾಗುತ್ತದೆ. ಪೀನ ಮಸೂರದ ಸಂಗಮದೂರವನ್ನು ಕಿಟಕಿಯ ಬೆಳಕಿನಲ್ಲಿ ತಾನೇ ಅಳೆದು ನೋಡಿದ್ದ ಹುಡುಗಿ, ‘ಫೋಕಲ್ ಲೆಂತ್’ ಎಂಬ ಮಾತು ಕಿವಿಗೆ ಬಿದ್ದಾಗ ಅದು ತನಗೆ ಚೆನ್ನಾಗಿ ಗೊತ್ತಿರುವ ಸಂಗತಿಯೇ ಎಂದು ಗುರುತಿಸಲಾರದೆ, ತನಗೆ ವಿಜ್ಞಾನವೇ ಬರುವುದಿಲ್ಲವೆಂದು ತೀರ್ಮಾನಿಸಿಬಿಡುತ್ತಾಳೆ. ಹೀಗೆ ವಿಜ್ಞಾನವನ್ನು ಕೈಬಿಡುವ ಮಕ್ಕಳಲ್ಲಿ ಪ್ರತಿಭಾವಂತರು ಎಷ್ಟೋ ಮಂದಿ ಇರುತ್ತಾರೆಂಬುದು ಪ್ರೌಢಶಾಲೆಯಲ್ಲಿ ಪಾಠ ಮಾಡುವ ಎಲ್ಲರಿಗೂ ಗೊತ್ತು.

ಈ ಮಕ್ಕಳು ಇಂಗ್ಲಿಷನ್ನು ಓದಿಯೇ ಇಲ್ಲವೆಂದಲ್ಲ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಆರಂಭವಾಗುತ್ತದೆ. ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತಾನೆ, ಪದ್ಯವೊಂದರ ಸಾರಾಂಶವನ್ನು ಒಪ್ಪಿಸುತ್ತಾನೆ, ಕರ್ತರಿ ವಾಕ್ಯವನ್ನು ಕರ್ಮಣಿಗೆ ಬದಲಿಸುತ್ತಾನೆ. ಆದರೆ ಬೆಳಿಗ್ಗೆ ತಾನೇ ಮಾಡಿದ ಪ್ರಯೋಗದಲ್ಲಿ ದ್ರಾವಣದ ಬಣ್ಣ ಬದಲಾಯಿತೆಂಬುದನ್ನು ಇಂಗ್ಲಿಷಿನ ಒಂದು ಸಾಲಿನಲ್ಲಿ ಹೇಳಲಾರ. ಇಂಗ್ಲಿಷ್ ಅವಧಿಯೂ ವಿಜ್ಞಾನದ ಅವಧಿಯೂ ಒಂದೇ ಕೊಠಡಿಯಲ್ಲಿ ನಡೆದರೂ ಒಂದರ ಸುದ್ದಿ ಇನ್ನೊಂದಕ್ಕೆ ತಲುಪದಿರುವುದೇ ಇದಕ್ಕೆ ಕಾರಣ.

ಈ ಬರಹ 8, 9 ಮತ್ತು 10ನೆಯ ತರಗತಿಗಳಿಗೆ ಪಾಠ ಮಾಡುವ ಇಂಗ್ಲಿಷ್ ಮತ್ತು ವಿಜ್ಞಾನ ಶಿಕ್ಷಕರಿಗಾಗಿ. ಇಲ್ಲಿ ಹೇಳುವ ಕ್ರಮಕ್ಕೆ ಹೆಚ್ಚುವರಿ ಅವಧಿಯಾಗಲಿ, ಅನುದಾನವಾಗಲಿ, ಮೇಲಿನಿಂದ ಬರುವ ಸುತ್ತೋಲೆಯಾಗಲಿ ಬೇಕಿಲ್ಲ. ಒಂದೇ ಸಿಬ್ಬಂದಿ ಕೊಠಡಿಯಲ್ಲಿರುವ ಇಬ್ಬರು ಶಿಕ್ಷಕರು ವಾರಕ್ಕೊಮ್ಮೆ ಹದಿನೈದು ನಿಮಿಷ ಜೊತೆಗೆ ಕುಳಿತು ಮಾತನಾಡಿದರೆ ಸಾಕು. ವಿಜ್ಞಾನದ ಪಾಠವನ್ನು ಇಂಗ್ಲಿಷಿಗೆ ಬದಲಿಸಬೇಕೆಂಬುದು ನನ್ನ ಸಲಹೆ ಅಲ್ಲವೇ ಅಲ್ಲ. ಪಾಠ ಕನ್ನಡದಲ್ಲೇ ನಡೆಯಬೇಕು, ಇನ್ನೂ ಚೆನ್ನಾಗಿ ನಡೆಯಬೇಕು. ಕನ್ನಡದಲ್ಲಿ ಅರ್ಥವಾದದ್ದಕ್ಕೆ ಇಂಗ್ಲಿಷಿನ ಮಾತು ಸಿಗುವ ವ್ಯವಸ್ಥೆ ಅದರ ಬೆನ್ನಿಗೇ ಇರಬೇಕು.

ಸೇತುಬಂಧದ ದಿನಗಳಲ್ಲಿ

ಹಿಂದಿನ ತರಗತಿಯ ಕಲಿಕೆಯ ಕೊರತೆಯನ್ನು ತುಂಬಲು ಶಾಲೆ ಆರಂಭವಾದ ಕೂಡಲೇ ನಡೆಯುವ ಸೇತುಬಂಧ ಕಾರ್ಯಕ್ರಮವನ್ನು ಸಾಮಾನ್ಯವಾಗಿ ಪ್ರತಿಯೊಬ್ಬ ಶಿಕ್ಷಕರೂ ತಮ್ಮ ತಮ್ಮ ವಿಷಯಕ್ಕೆ ಬೇರೆ ಬೇರೆಯಾಗಿ ಮಾಡಿ, ಪೂರ್ವ ಪರೀಕ್ಷೆಯ ಅಂಕಗಳನ್ನು ದಾಖಲೆಗೆ ಸೇರಿಸಿ ಮುಗಿಸುತ್ತಾರೆ. ಇದರಲ್ಲಿ ಒಂದು ಅವಧಿಯನ್ನು ಇಬ್ಬರೂ ಸೇರಿ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಐದಾರು ಸರಳ ವಾಕ್ಯಗಳಿರುವ ಒಂದು ಸೂಚನಾಪತ್ರವನ್ನು ಮಕ್ಕಳ ಕೈಗೆ ಕೊಡಿ: ಒಂದು ಲೋಟದಲ್ಲಿ ಅರ್ಧದಷ್ಟು ನೀರು ತೆಗೆದುಕೊಳ್ಳಿ, ಒಂದು ಚಮಚ ಉಪ್ಪು ಹಾಕಿ, ಕಲಕಿ, ಐದು ನಿಮಿಷ ಬಿಡಿ, ಕಂಡದ್ದನ್ನು ಬರೆಯಿರಿ ಎಂಬಂಥ ಸೂಚನೆಗಳು ಅದರಲ್ಲಿರಲಿ. ಮಗು ಮೊದಲು ಅದನ್ನು ಗಟ್ಟಿಯಾಗಿ ಓದಲಿ, ಆಮೇಲೆ ಅದರಲ್ಲಿ ಹೇಳಿದಂತೆ ಮಾಡಲಿ, ಕೊನೆಗೆ ಏನಾಯಿತು ಮತ್ತು ಏಕೆ ಆಯಿತು ಎಂಬುದನ್ನು ಕನ್ನಡದಲ್ಲಿ ವಿವರಿಸಲಿ.

ಈ ಒಂದು ಅವಧಿಯಲ್ಲಿ ತರಗತಿಯ ನಿಜಸ್ಥಿತಿ ಎದುರಿಗೆ ಬರುತ್ತದೆ. ಕೆಲವು ಮಕ್ಕಳಿಗೆ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದುವುದೇ ಕಷ್ಟವಾಗಿರುತ್ತದೆ. ಕೆಲವರು ನಿರರ್ಗಳವಾಗಿ ಓದುತ್ತಾರೆ, ಆದರೆ ಓದಿದ್ದು ಅರ್ಥವಾಗದೆ ಸುಮ್ಮನೆ ನಿಲ್ಲುತ್ತಾರೆ. ಇನ್ನು ಕೆಲವರು ಓದಿ, ಅರ್ಥಮಾಡಿಕೊಂಡು, ಕೆಲಸವನ್ನೂ ಸರಿಯಾಗಿ ಮಾಡಿ, ಉಪ್ಪು ಕರಗಿದ್ದೇಕೆಂದು ಕೇಳಿದಾಗ ತಡವರಿಸುತ್ತಾರೆ. ಮೊದಲ ಗುಂಪಿನ ತೊಂದರೆ ಓದಿನದು, ಎರಡನೆಯದು ಭಾಷೆಯದು, ಮೂರನೆಯದು ವಿಜ್ಞಾನದ್ದು. ಅಂಕಪಟ್ಟಿಯಲ್ಲಿ ಮೂವರಿಗೂ ಒಂದೇ ಅಂಕ ಬಂದಿರಬಹುದು. ಪರಿಹಾರ ಬೋಧನೆಯಲ್ಲಿ ಮೂವರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಒಂದೇ ಅಭ್ಯಾಸ ಕೊಟ್ಟರೆ ಯಾರಿಗೂ ಪ್ರಯೋಜನವಾಗುವುದಿಲ್ಲ. ಎಂಟನೆಯ ತರಗತಿಗೆ ಬಂದರೂ ಅಕ್ಷರ ಕೂಡಿಸಲು ಬಾರದ ಮಕ್ಕಳಿಗೆ ಇಂಗ್ಲಿಷ್ ಶಿಕ್ಷಕರು ಮೊದಲ ಎರಡು ತಿಂಗಳು ದಿನವೂ ಹತ್ತು ನಿಮಿಷ ಓದಿಸುವುದನ್ನು ಬಿಟ್ಟು ಬೇರೆ ಉಪಾಯವಿಲ್ಲ, ಮತ್ತು ಅದನ್ನು ಎಂಟನೆಯ ತರಗತಿಯಲ್ಲೇ ಮಾಡಬೇಕು; ಹತ್ತನೆಯ ತರಗತಿಯಲ್ಲಿ ಪರೀಕ್ಷೆಯ ಒತ್ತಡದಲ್ಲಿ ಅದಕ್ಕೆ ಸಮಯವೇ ಸಿಗುವುದಿಲ್ಲ.

ವೇಳಾಪಟ್ಟಿ ಸಿದ್ಧವಾಗುವ ಹೊತ್ತಿಗೆ ಮುಖ್ಯೋಪಾಧ್ಯಾಯರಲ್ಲಿ ಒಂದು ಕೋರಿಕೆ ಇಡಿ: ವಾರದಲ್ಲಿ ಒಂದು ದಿನವಾದರೂ ವಿಜ್ಞಾನದ ಅವಧಿಯ ನಂತರದ ಅವಧಿ ಇಂಗ್ಲಿಷಿನದಾಗಿರಲಿ. ಪ್ರಯೋಗದ ನೆನಪು ಹಸಿಯಾಗಿರುವಾಗಲೇ ಅದರ ಬಗ್ಗೆ ಇಂಗ್ಲಿಷಿನಲ್ಲಿ ಮಾತನಾಡುವುದಕ್ಕೂ ಮೂರು ದಿನ ಬಿಟ್ಟು ಮಾತನಾಡುವುದಕ್ಕೂ ಬಹಳ ಅಂತರವಿದೆ. ನಮ್ಮ ಪ್ರೌಢಶಾಲೆಗಳಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ ಅಧ್ಯಾಯಗಳನ್ನು ಪಿಸಿಎಂ (ಪದವಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ) ಶಿಕ್ಷಕರೂ ಜೀವಶಾಸ್ತ್ರದ ಅಧ್ಯಾಯಗಳನ್ನು ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದ) ಶಿಕ್ಷಕರೂ ಹಂಚಿಕೊಳ್ಳುವುದು ರೂಢಿಯಾದ್ದರಿಂದ, ಇಂಗ್ಲಿಷ್ ಶಿಕ್ಷಕರು ಇಬ್ಬರೊಂದಿಗೂ ಮಾತನಾಡಬೇಕಾಗುತ್ತದೆ. ಮೊದಲ ವರ್ಷ ಒಬ್ಬರೊಂದಿಗೆ ಮಾತ್ರ ಆರಂಭಿಸುವುದು ಒಳ್ಳೆಯದು.

ಕೈ, ಕನ್ನಡ, ಇಂಗ್ಲಿಷ್

ಯಾವ ಅಧ್ಯಾಯವಾದರೂ ಅನುಸರಿಸಬೇಕಾದ ಕ್ರಮ ಇದೇ. ಮೊದಲು ಮಗು ವಸ್ತುವನ್ನು ಕೈಯಾರೆ ಮುಟ್ಟಿ, ಕಣ್ಣಾರೆ ನೋಡಬೇಕು. ಆಮೇಲೆ ಕಂಡದ್ದನ್ನು ತನ್ನ ಮಾತಿನಲ್ಲಿ ಕನ್ನಡದಲ್ಲಿ ಹೇಳಬೇಕು, ನಂತರ ಪಠ್ಯಪುಸ್ತಕದ ಕನ್ನಡ ಪಾರಿಭಾಷಿಕ ಪದವನ್ನು ಕಲಿಯಬೇಕು. ಇಂಗ್ಲಿಷ್ ಪದ ಮತ್ತು ವಾಕ್ಯ ಬರುವುದು ಇದೆಲ್ಲದರ ನಂತರ. ಅರ್ಥವಾಗದ ಸಂಗತಿಗೆ ಎರಡು ಭಾಷೆಗಳಲ್ಲಿ ಹೆಸರು ಕೊಟ್ಟರೆ ಮಗುವಿನ ಹೊರೆ ಎರಡರಷ್ಟಾಗುತ್ತದೆಯೇ ಹೊರತು ತಿಳಿವಳಿಕೆ ಹೆಚ್ಚುವುದಿಲ್ಲ.

ಕನ್ನಡದಲ್ಲಿ ವಿಜ್ಞಾನ ಹೇಳುವುದು ಹೇಗೂ ತಾತ್ಕಾಲಿಕ ವ್ಯವಸ್ಥೆ, ನಾಳೆ ಇಂಗ್ಲಿಷಿಗೆ ಹೋಗುವವರಿಗೆ ಇಂದೇ ಇಂಗ್ಲಿಷ್ ಕೊಡಬಾರದೇಕೆ ಎಂದು ಕೆಲವು ಪೋಷಕರೂ ಕೆಲವು ಸಹೋದ್ಯೋಗಿಗಳೂ ಕೇಳುತ್ತಾರೆ. ಕನ್ನಡದಲ್ಲಿ ವಿಜ್ಞಾನ ಬರೆಯುವ ಕೆಲಸಕ್ಕೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದ್ದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ವನ್ನು ಓದಿ ಬೆಳೆದ ಶಿಕ್ಷಕರು ಇಂದಿಗೂ ನಮ್ಮ ನಡುವೆ ಇದ್ದಾರೆ. ಇಂದು ನೀಟ್ ಪರೀಕ್ಷೆಯನ್ನೂ ಜೆಇಇ ಮೇನ್ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯುವ ಅವಕಾಶವಿದೆ. ಕನ್ನಡದಲ್ಲಿ ಗಟ್ಟಿಯಾಗಿ ಕಲಿತ ವಿಜ್ಞಾನ ಎಲ್ಲಿಯೂ ವ್ಯರ್ಥವಾಗುವುದಿಲ್ಲವೆಂಬುದನ್ನು ಪೋಷಕರ ಸಭೆಯಲ್ಲಿ ನಿಸ್ಸಂಕೋಚವಾಗಿ ಹೇಳಿ.

ಕನ್ನಡವೂ ಕೆಲವು ಮಕ್ಕಳ ಮನೆಮಾತಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಕರಾವಳಿಯಲ್ಲಿ ತುಳು ಮತ್ತು ಬ್ಯಾರಿ, ಬೆಳಗಾವಿಯ ಕಡೆ ಮರಾಠಿ, ಕೋಲಾರ ಮತ್ತು ಬಳ್ಳಾರಿಯ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಎಲ್ಲೆಡೆ ಉರ್ದು ಮಾತನಾಡುವ ಮಕ್ಕಳು ನಮ್ಮ ಕನ್ನಡ ಶಾಲೆಗಳಲ್ಲಿದ್ದಾರೆ. ಕಂಡದ್ದನ್ನು ಹೇಳುವ ಮೊದಲ ಹಂತದಲ್ಲಿ ಅವರು ತಮ್ಮ ಮನೆಮಾತಿನ ಪದವನ್ನೇ ಬಳಸಲಿ. ಪಕ್ಕದ ಮಗು ಅದನ್ನು ಕನ್ನಡದಲ್ಲಿ ಹೇಳಲಿ.

ಒಂದು ವಾರದ ಪಾಠ: ಆಮ್ಲ ಮತ್ತು ಪ್ರತ್ಯಾಮ್ಲ

ಹತ್ತನೆಯ ತರಗತಿಯ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಅಧ್ಯಾಯವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪ್ರಯೋಗಾಲಯವೇ ಇಲ್ಲದ ಶಾಲೆಯಲ್ಲೂ ಇದನ್ನು ಮಾಡಬಹುದೆಂಬುದು ಈ ಆಯ್ಕೆಗೆ ಕಾರಣ.

ಹಿಂದಿನ ದಿನವೇ ಮಕ್ಕಳಿಗೆ ಹೇಳಿ ಅರಿಸಿನ ಪುಡಿ, ಎಲೆ ಅಡಿಕೆಗೆ ಬಳಸುವ ಸುಣ್ಣ, ನಿಂಬೆಹಣ್ಣು, ಹುಣಸೆಹಣ್ಣು, ಮಜ್ಜಿಗೆ, ಬಟ್ಟೆ ಸೋಪು, ಅಡುಗೆ ಸೋಡಾ ಮತ್ತು ನಾಲ್ಕಾರು ಕೆಂಪು ದಾಸವಾಳದ ಹೂಗಳನ್ನು ತರಿಸಿ. ಸುಣ್ಣವನ್ನು ನೀರಿನಲ್ಲಿ ಕದಡಿ, ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿಕೊಂಡರೆ ಸುಣ್ಣದ ತಿಳಿನೀರು ಸಿದ್ಧ. ಇದನ್ನು ಶಿಕ್ಷಕರೇ ಮಾಡಬೇಕು, ಸುಣ್ಣದ ಕೈಯನ್ನು ಕಣ್ಣಿಗೆ ತಾಗಿಸಬಾರದೆಂದು ಮಕ್ಕಳಿಗೆ ಮೊದಲೇ ತಿಳಿಸಬೇಕು. ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ ಸೋಸಿಟ್ಟುಕೊಳ್ಳಿ.

ಅರಿಸಿನದ ನೀರಿಗೆ ಸುಣ್ಣದ ತಿಳಿಯನ್ನು ಹನಿಸಿದಾಗ ಹಳದಿ ಬಣ್ಣ ಕೆಂಪಾಗುತ್ತದೆ. ಇದನ್ನು ಮಕ್ಕಳು ಮೊದಲ ಸಲ ನೋಡುತ್ತಿರುವುದಿಲ್ಲ. ಮದುವೆ, ಸೀಮಂತ, ತೊಟ್ಟಿಲ ಶಾಸ್ತ್ರಗಳಲ್ಲಿ ಆರತಿಯ ತಟ್ಟೆಗೆ ಅಜ್ಜಿಯರು ಅರಿಸಿನ ಸುಣ್ಣ ಕಲಸಿ ಮಾಡುವ ಕೆಂಪು ನೀರು ಇದೇ. ಯಾರ ಮನೆಯಲ್ಲಿ ಇದನ್ನು ಮಾಡುತ್ತಾರೆಂದು ಕೇಳಿ. ತರಗತಿಯಲ್ಲಿ ಎಂದೂ ಬಾಯಿಬಿಡದ ಮಕ್ಕಳು ಅಂದು ಮಾತನಾಡುತ್ತಾರೆ. ಆ ಕೆಂಪು ನೀರಿಗೆ ನಿಂಬೆರಸ ಹಿಂಡಿದರೆ ಬಣ್ಣ ಮತ್ತೆ ಹಳದಿಗೆ ತಿರುಗುತ್ತದೆ. ಆದರೆ ಬರೀ ಅರಿಸಿನದ ನೀರಿಗೆ ನಿಂಬೆರಸ ಹಾಕಿದರೆ ಬಣ್ಣದಲ್ಲಿ ಬದಲಾವಣೆ ಕಾಣುವುದಿಲ್ಲ. ಹಾಗಾದರೆ ಆಮ್ಲವನ್ನು ಗುರುತಿಸಲು ಅರಿಸಿನ ಸಾಲುವುದೇ ಎಂಬ ಪ್ರಶ್ನೆಯನ್ನು ಮಕ್ಕಳ ಮುಂದಿಟ್ಟು, ಉತ್ತರಕ್ಕಾಗಿ ದಾಸವಾಳದ ನೀರನ್ನು ಮುಂದೆ ತನ್ನಿ: ಅದು ಆಮ್ಲದಲ್ಲಿ ಕಡು ಗುಲಾಬಿ ಬಣ್ಣಕ್ಕೂ ಪ್ರತ್ಯಾಮ್ಲದಲ್ಲಿ ಹಸಿರಿಗೂ ತಿರುಗುತ್ತದೆ. ಸೂಚಕ, ಆಮ್ಲ, ಪ್ರತ್ಯಾಮ್ಲ, ತಟಸ್ಥೀಕರಣ ಎಂಬ ಪದಗಳನ್ನು ಈ ಹಂತದಲ್ಲಿ ಬೋರ್ಡಿನ ಎಡಭಾಗದಲ್ಲಿ ಬರೆಯಿರಿ. ವಿಜ್ಞಾನದ ಮೊದಲ ಅವಧಿ ಇಲ್ಲಿಗೆ ಮುಗಿಯಲಿ.

ಮುಂದಿನ ಇಂಗ್ಲಿಷ್ ಅವಧಿಯಲ್ಲಿ ಅದೇ ಲೋಟಗಳು ಮೇಜಿನ ಮೇಲೆ ಹಾಗೆಯೇ ಇರಲಿ. ಇಂಗ್ಲಿಷ್ ಶಿಕ್ಷಕರು ತಮಗೆ ಏನೂ ಗೊತ್ತಿಲ್ಲವೆಂಬಂತೆ ಕೇಳಬೇಕು: ‘ವಾಟ್ ಡಿಡ್ ಯು ಡೂ?’, ‘ವಾಟ್ ಡಿಡ್ ಯು ಸೀ?’, ‘ವೈ ಡಿಡ್ ಇಟ್ ಹ್ಯಾಪನ್?’ ಈ ಮೂರು ಪ್ರಶ್ನೆಗಳನ್ನು ಬಿಟ್ಟು ನಾಲ್ಕನೆಯದು ಬೇಡ. ಮೊದಮೊದಲು ಬರುವ ಉತ್ತರ ಒಂದೇ ಪದದ್ದಾಗಿರುತ್ತದೆ: ‘ರೆಡ್’ ಅಥವಾ ‘ಕಲರ್ ಚೇಂಜ್’. ಅದನ್ನು ತಪ್ಪೆನ್ನದೆ ಸ್ವೀಕರಿಸಿ, ಪೂರ್ತಿ ವಾಕ್ಯವಾಗಿ ತಿರುಗಿ ಹೇಳಿ, ಬೋರ್ಡಿನ ಮೇಲೆ ಬರೆಯಿರಿ: ‘ವಿ ಆ್ಯಡೆಡ್ ಲೈಮ್ ವಾಟರ್ ಟು ಟರ್ಮರಿಕ್. ಇಟ್ ಟರ್ನ್ಡ್ ರೆಡ್.’ ನಂತರ ‘ಟರ್ಮರಿಕ್’ ಇದ್ದಲ್ಲಿ ದಾಸವಾಳದ ನೀರನ್ನೂ ‘ಲೈಮ್ ವಾಟರ್’ ಇದ್ದಲ್ಲಿ ಸೋಪಿನ ನೀರನ್ನೂ ಇಟ್ಟು ಮಕ್ಕಳೇ ಹೊಸ ವಾಕ್ಯ ಮಾಡಲಿ. ಒಂದು ವಾಕ್ಯದ ಅಚ್ಚಿನಿಂದ ಹತ್ತು ನಿಜವಾದ ವಾಕ್ಯಗಳು ಹೊರಡುತ್ತವೆ, ಮತ್ತು ಪ್ರತಿಯೊಂದನ್ನೂ ಹೇಳುವ ಮಗು ತಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿರುತ್ತದೆ.

ಈ ಅಧ್ಯಾಯದಲ್ಲಿ ಇಬ್ಬರೂ ಶಿಕ್ಷಕರು ಎಚ್ಚರ ವಹಿಸಬೇಕಾದ ಒಂದು ಜಾಗವಿದೆ. ಇಂಗ್ಲಿಷಿನಲ್ಲಿ ಸುಣ್ಣಕ್ಕೂ ‘ಲೈಮ್’, ನಿಂಬೆಗೂ ‘ಲೈಮ್’. ‘ಲೈಮ್ ವಾಟರ್’ ಪ್ರತ್ಯಾಮ್ಲ, ‘ಲೈಮ್ ಜ್ಯೂಸ್’ ಆಮ್ಲ. ಕನ್ನಡದಲ್ಲಿ ಎಂದೂ ಗೊಂದಲವಾಗದ ಎರಡು ವಸ್ತುಗಳು ಇಂಗ್ಲಿಷಿನಲ್ಲಿ ಒಂದೇ ಹೆಸರು ಹೊತ್ತು ಬಂದಾಗ, ವಿಜ್ಞಾನ ಚೆನ್ನಾಗಿ ಗೊತ್ತಿರುವ ಮಗುವೂ ತಪ್ಪು ಉತ್ತರ ಬರೆಯುತ್ತದೆ. ಇಂಥ ಪದಗಳು ಬೇರೆ ಅಧ್ಯಾಯಗಳಲ್ಲೂ ಇವೆ. ‘ಸೆಲ್’ ಎಂದರೆ ಜೀವಶಾಸ್ತ್ರದಲ್ಲಿ ಜೀವಕೋಶ, ವಿದ್ಯುಚ್ಛಕ್ತಿಯ ಪಾಠದಲ್ಲಿ ವಿದ್ಯುತ್ಕೋಶ. ‘ಪವರ್’ ಎಂಬುದು ಮಸೂರದ ಪಾಠದಲ್ಲಿ ಡಯಾಪ್ಟರ್‌ಗಳಲ್ಲಿ ಅಳೆಯುವ ಸಾಮರ್ಥ್ಯ, ವಿದ್ಯುಚ್ಛಕ್ತಿಯಲ್ಲಿ ವ್ಯಾಟ್‌ಗಳಲ್ಲಿ ಅಳೆಯುವ ಸಾಮರ್ಥ್ಯ. ಮನೆಯಲ್ಲಿ ‘ಕರೆಂಟ್ ಹೋಯಿತು’ ಎನ್ನುವ ಮಗುವಿಗೆ ಆಂಪಿಯರ್‌ಗಳಲ್ಲಿ ಅಳೆಯುವ ‘ಕರೆಂಟ್’ ಬೇರೆಯೆಂದು ತಾನಾಗಿ ಹೊಳೆಯುವುದಿಲ್ಲ. ಅಧ್ಯಾಯ ಆರಂಭಿಸುವ ಮುನ್ನ ಇಂಥ ಪದಗಳು ಯಾವುವೆಂದು ವಿಜ್ಞಾನ ಶಿಕ್ಷಕರು ಗುರುತು ಹಾಕಿ ಇಂಗ್ಲಿಷ್ ಶಿಕ್ಷಕರಿಗೆ ಕೊಡಬೇಕು. ವಾರದ ಹದಿನೈದು ನಿಮಿಷದ ಮಾತುಕತೆಯಲ್ಲಿ ನಡೆಯಬೇಕಾದ ಮುಖ್ಯ ಕೆಲಸ ಇದೇ.

ಎರಡನೆಯ ವಿಜ್ಞಾನ ಅವಧಿಯಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯ ಮೂಲಕ ಉಸಿರು ಊದಿಸಿ. ನೀರು ಹಾಲಿನಂತೆ ಬಿಳಿಯಾಗುತ್ತದೆ. ನಮ್ಮ ಉಸಿರಿನ ಕಾರ್ಬನ್ ಡೈಆಕ್ಸೈಡ್ ಸುಣ್ಣದ ನೀರಿನಲ್ಲಿರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಜೊತೆ ವರ್ತಿಸಿ, ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಉಂಟಾಗುವುದೇ ಅದಕ್ಕೆ ಕಾರಣ. ಊದಬೇಕೇ ಹೊರತು ಹೀರಬಾರದೆಂದು ಎರಡು ಸಲ ಹೇಳಿ. ಪ್ರಬಲ ಆಮ್ಲಗಳಿರುವ ಶಾಲೆಯಲ್ಲಿ ಅವುಗಳನ್ನು ಶಿಕ್ಷಕರೇ ಪ್ರದರ್ಶಿಸಬೇಕು, ಮತ್ತು ನೀರಿಗೆ ಆಮ್ಲವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರನ್ನು ಎಂದಿಗೂ ಸುರಿಯಬಾರದು. ಈ ಸುರಕ್ಷತಾ ಸೂಚನೆಗಳನ್ನೇ ಇಂಗ್ಲಿಷ್ ಶಿಕ್ಷಕರು ವಿಧಿರೂಪದ ವಾಕ್ಯಗಳ ಅಭ್ಯಾಸಕ್ಕೆ ಬಳಸಿಕೊಳ್ಳಬಹುದು. ಮಕ್ಕಳು ಎರಡು ಭಾಷೆಗಳಲ್ಲೂ ಬರೆದ ಸೂಚನಾಫಲಕವನ್ನು ಪ್ರಯೋಗದ ಮೇಜಿನ ಬಳಿ ಅಂಟಿಸಲಿ.

ವ್ಯಾಕರಣಕ್ಕೆ ವಿಜ್ಞಾನದ ಸಾಮಗ್ರಿ

ಇಂಗ್ಲಿಷ್ ವ್ಯಾಕರಣದ ಅಭ್ಯಾಸಗಳಲ್ಲಿ ಬರುವ ವಾಕ್ಯಗಳು ಸಾಮಾನ್ಯವಾಗಿ ಮಗುವಿಗೆ ಸಂಬಂಧವಿಲ್ಲದವು. ರಾಮ ಮಾವಿನಹಣ್ಣು ತಿಂದನು ಎಂಬುದನ್ನು ಕರ್ಮಣಿಗೆ ತಿರುಗಿಸುವ ಅಗತ್ಯ ಬದುಕಿನಲ್ಲಿ ಯಾರಿಗೂ ಬರುವುದಿಲ್ಲ. ಆದರೆ ಪ್ರಯೋಗದ ವರದಿಯಲ್ಲಿ ಕರ್ಮಣಿ ಪ್ರಯೋಗ ನಿಜವಾಗಿಯೂ ಬೇಕಾಗುತ್ತದೆ. ಯಾರು ಮಾಡಿದರೆಂಬುದಕ್ಕಿಂತ ಏನು ಮಾಡಲಾಯಿತೆಂಬುದು ಅಲ್ಲಿ ಮುಖ್ಯವಾದ್ದರಿಂದ ‘ವಿ ಆ್ಯಡೆಡ್ ಲೈಮ್ ವಾಟರ್’ ಎಂಬುದು ‘ಲೈಮ್ ವಾಟರ್ ವಾಸ್ ಆ್ಯಡೆಡ್’ ಆಗುತ್ತದೆ. ಆಮ್ಲಗಳ ಅಧ್ಯಾಯ ನಡೆಯುವ ವಾರವೇ ಕರ್ಮಣಿ ಪ್ರಯೋಗದ ಪಾಠವನ್ನೂ ಇಟ್ಟುಕೊಂಡರೆ ಮಕ್ಕಳಿಗೆ ನಿಯಮವೂ ಅದರ ಉಪಯೋಗವೂ ಒಟ್ಟಿಗೆ ದೊರೆಯುತ್ತವೆ.

ಕಾಲರೂಪಗಳಿಗೂ ಇದೇ ಮಾತು. ನಾವು ಮಾಡಿದ್ದನ್ನು ಭೂತಕಾಲದಲ್ಲಿ ಹೇಳುತ್ತೇವೆ, ಎಲ್ಲ ಕಾಲಕ್ಕೂ ನಿಜವಾದದ್ದನ್ನು ವರ್ತಮಾನದಲ್ಲಿ ಹೇಳುತ್ತೇವೆ. ಪ್ರಯೋಗ ಪುಸ್ತಕದಲ್ಲಿ ವಿಧಾನ ಮತ್ತು ವೀಕ್ಷಣೆ ಭೂತಕಾಲದಲ್ಲೂ ತೀರ್ಮಾನ ವರ್ತಮಾನದಲ್ಲೂ ಇರಬೇಕೆಂಬುದು ಅರ್ಥವಾದ ಮಗುವಿಗೆ, ಒಂದು ಸಲ ಕಂಡ ಸಂಗತಿಗೂ ಸಾಮಾನ್ಯ ನಿಯಮಕ್ಕೂ ಇರುವ ವ್ಯತ್ಯಾಸವೂ ಅರ್ಥವಾಗುತ್ತದೆ. ಇದನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ, ಏಕೆಂದರೆ ಇಲ್ಲಿ ಭಾಷೆಯ ಪಾಠವೇ ವಿಜ್ಞಾನದ ಪಾಠವೂ ಆಗುತ್ತದೆ.

‘ಇಫ್’ ಸೇರಿಸಿ ಮಾಡುವ ವಾಕ್ಯಗಳಿಗೆ ಓಮ್‌ನ ನಿಯಮಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದು ಕಷ್ಟ: ತಾಪ ಬದಲಾಗದಿದ್ದರೆ, ವಾಹಕದ ತುದಿಗಳ ನಡುವಿನ ವಿಭವಾಂತರವನ್ನು ಇಮ್ಮಡಿ ಮಾಡಿದಾಗ ವಿದ್ಯುತ್ ಪ್ರವಾಹವೂ ಇಮ್ಮಡಿಯಾಗುತ್ತದೆ. ತರ-ತಮ ರೂಪಗಳಿಗೆ ಲೋಹಗಳ ಪಾಠವಿದೆ. ತಾಮ್ರ ಕಬ್ಬಿಣಕ್ಕಿಂತ ಉತ್ತಮ ವಿದ್ಯುದ್ವಾಹಕ, ಬೆಳ್ಳಿ ಎಲ್ಲಕ್ಕಿಂತ ಉತ್ತಮ. ಮೊದಲು, ಆಮೇಲೆ, ಕೊನೆಗೆ ಎಂಬ ಅನುಕ್ರಮದ ಪದಗಳಿಗೆ ಎಲೆಯಲ್ಲಿ ಪಿಷ್ಟವನ್ನು ಪರೀಕ್ಷಿಸುವ ಪ್ರಯೋಗವನ್ನು ಬಳಸಿ. ಕುಂಡದ ಗಿಡವನ್ನು ಮೂರು ದಿನ ಕತ್ತಲಲ್ಲಿಟ್ಟು, ಆಮೇಲೆ ಬಿಸಿಲಿನಲ್ಲಿಟ್ಟು, ಎಲೆಯನ್ನು ಕಿತ್ತು ನೀರಿನಲ್ಲಿ ಕುದಿಸಿ, ಆಲ್ಕೊಹಾಲ್‌ನಲ್ಲಿ ಪತ್ರಹರಿತ್ತನ್ನು ತೆಗೆದು, ತೊಳೆದು, ಅಯೋಡಿನ್ ಹಾಕುವ ಈ ಕ್ರಮದಲ್ಲಿ ಒಂದು ಹೆಜ್ಜೆ ಹಿಂದುಮುಂದಾದರೂ ಪ್ರಯೋಗ ಕೆಡುತ್ತದೆ, ಆದ್ದರಿಂದ ಅನುಕ್ರಮದ ಪದಗಳಿಗೆ ಇಲ್ಲಿ ನಿಜವಾದ ಕೆಲಸವಿದೆ. ಆಲ್ಕೊಹಾಲ್ ಇರುವ ಪ್ರನಾಳವನ್ನು ನೇರ ಉರಿಯ ಮೇಲೆ ಹಿಡಿಯದೆ ಬಿಸಿನೀರಿನ ಪಾತ್ರೆಯಲ್ಲಿಟ್ಟೇ ಕಾಯಿಸಬೇಕು.

ಇಂಗ್ಲಿಷ್ ಪಠ್ಯಪುಸ್ತಕದ ಗದ್ಯ ಪದ್ಯಗಳನ್ನು ಬದಿಗಿಟ್ಟು ಇದನ್ನು ಮಾಡಬೇಕೆಂದು ನಾನು ಹೇಳುತ್ತಿಲ್ಲ. ಕಥೆಯೂ ಕವಿತೆಯೂ ಮಕ್ಕಳಿಗೆ ಬೇಕು. ವ್ಯಾಕರಣ, ಚಿತ್ರ ವಿವರಣೆ, ಟಿಪ್ಪಣಿ ಬರೆಯುವುದು ಮತ್ತು ಪ್ರಬಂಧದ ಅಭ್ಯಾಸಗಳಿಗೆ ವಾರಕ್ಕೆ ಒಂದು ಅವಧಿ ವಿಜ್ಞಾನದ ಸಾಮಗ್ರಿಯನ್ನು ಬಳಸಿದರೆ ಸಾಕು.

ಪದಪುಸ್ತಕ

ಪ್ರತಿ ಮಗುವಿನ ಬಳಿ ಎಂಟನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಮುಂದುವರಿಯುವ ಒಂದು ಪದಪುಸ್ತಕ ಇರಬೇಕು. ಪ್ರತಿ ಪುಟದಲ್ಲಿ ಕನ್ನಡದ ಪಾರಿಭಾಷಿಕ ಪದ, ಇಂಗ್ಲಿಷ್ ಪದ, ಒಂದು ಸಣ್ಣ ಚಿತ್ರ, ಮತ್ತು ಆ ಇಂಗ್ಲಿಷ್ ಪದವನ್ನು ಬಳಸಿ ಮಗುವೇ ಬರೆದ ಒಂದು ವಾಕ್ಯ ಇರಲಿ. ಒಂದು ಅಧ್ಯಾಯಕ್ಕೆ ಎಂಟು ಹತ್ತು ಪದಗಳಿಗಿಂತ ಹೆಚ್ಚು ಬೇಡ. ಅಧ್ಯಾಯದಲ್ಲಿ ಬರುವ ಐವತ್ತು ಪದಗಳನ್ನೂ ಪಟ್ಟಿ ಮಾಡಿ ಕೊಟ್ಟರೆ ಮಕ್ಕಳು ಅವನ್ನು ನಕಲು ಮಾಡಿ ಪುಸ್ತಕ ಮುಚ್ಚುತ್ತಾರೆ. ವಾಕ್ಯವನ್ನು ಶಿಕ್ಷಕರು ಬರೆಸಬಾರದು. ತಪ್ಪಿದ್ದರೂ ಅದು ಮಗುವಿನದೇ ಆಗಿರಲಿ, ಇಂಗ್ಲಿಷ್ ಶಿಕ್ಷಕರು ತಿದ್ದಲಿ. ಚಿತ್ರವನ್ನು ವಿಜ್ಞಾನ ಶಿಕ್ಷಕರು ನೋಡಲಿ, ಏಕೆಂದರೆ ಮಗುವಿಗೆ ಆ ಪದ ಅರ್ಥವಾಗಿದೆಯೇ ಇಲ್ಲವೇ ಎಂಬುದು ಚಿತ್ರದಲ್ಲೇ ಮೊದಲು ಗೊತ್ತಾಗುತ್ತದೆ.

ನಮ್ಮ ಮಕ್ಕಳ ಇಂಗ್ಲಿಷ್ ಪುಸ್ತಕವನ್ನು ತೆರೆದರೆ ಪ್ರತಿ ಪದದ ಮೇಲೂ ಪೆನ್ಸಿಲಿನಲ್ಲಿ ಕನ್ನಡ ಅಕ್ಷರಗಳಲ್ಲಿ ಉಚ್ಚಾರಣೆ ಬರೆದಿರುತ್ತದೆ. ಅನೇಕ ಶಿಕ್ಷಕರು ಇದಕ್ಕೆ ಬೈಯುತ್ತಾರೆ. ಬೈಯುವ ಅಗತ್ಯವಿಲ್ಲ, ತನಗೆ ಗೊತ್ತಿರುವ ಲಿಪಿಯ ಸಹಾಯದಿಂದ ಗೊತ್ತಿಲ್ಲದ ಪದವನ್ನು ಹಿಡಿಯಲು ಮಗು ತಾನೇ ಕಂಡುಕೊಂಡ ದಾರಿ ಅದು. ಆದರೆ ಅದು ಹತ್ತನೆಯ ತರಗತಿಯವರೆಗೂ ಉಳಿದರೆ ಕಣ್ಣು ಇಂಗ್ಲಿಷ್ ಅಕ್ಷರಗಳ ಮೇಲೆ ಬೀಳುವುದೇ ಇಲ್ಲ. ಆದ್ದರಿಂದ ಎಂಟನೆಯ ತರಗತಿಯಲ್ಲಿ ಬರೆಯಲು ಬಿಡಿ, ಒಂಬತ್ತನೆಯ ತರಗತಿಯಲ್ಲಿ ಹೊಸ ಪದಗಳಿಗೆ ಮಾತ್ರ ಬರೆಯಲು ಹೇಳಿ, ಹತ್ತನೆಯ ತರಗತಿಯ ಆರಂಭದಲ್ಲಿ ರಬ್ಬರಿನಿಂದ ಒಂದೊಂದು ಪಾಠವಾಗಿ ಅಳಿಸುತ್ತಾ ಓದಿಸಿ. ತಾವು ಬರೆದದ್ದನ್ನು ಅಳಿಸಿದ ಮೇಲೂ ಓದಲು ಬರುತ್ತದೆಂದು ಕಂಡಾಗ ಮಕ್ಕಳ ಮುಖದಲ್ಲಿ ಕಾಣುವ ಧೈರ್ಯವನ್ನು ನೋಡಿದವರು ಈ ಕೆಲಸವನ್ನು ಎಂದೂ ಬಿಡುವುದಿಲ್ಲ.

ಇಂಗ್ಲಿಷ್ ತಮಗೇ ಸಲೀಸಲ್ಲವೆಂಬ ಸಂಕೋಚ ಅನೇಕ ವಿಜ್ಞಾನ ಶಿಕ್ಷಕರಲ್ಲಿದೆ, ವಿಜ್ಞಾನ ಮರೆತುಹೋಗಿದೆಯೆಂಬ ಸಂಕೋಚ ಇಂಗ್ಲಿಷ್ ಶಿಕ್ಷಕರಲ್ಲಿದೆ. ಈ ಕ್ರಮದಲ್ಲಿ ಎರಡೂ ಅಡ್ಡಿಯಾಗುವುದಿಲ್ಲ. ಇಂಗ್ಲಿಷ್ ಶಿಕ್ಷಕರು ನಿಜವಾಗಿಯೂ ತಿಳಿಯದೆ ಕೇಳಿದಾಗ ಮಕ್ಕಳು ಹೆಚ್ಚು ಉತ್ಸಾಹದಿಂದ ವಿವರಿಸುತ್ತಾರೆ. ಇಂಗ್ಲಿಷ್ ಬೋಧನೆಯಲ್ಲಿ ತರಬೇತಿ ಬೇಕೆನ್ನುವವರಿಗೆ ಬೆಂಗಳೂರಿನಲ್ಲಿ 1963ರಿಂದ ಕೆಲಸ ಮಾಡುತ್ತಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಸ್ಮಾರ್ಟ್ ಕ್ಲಾಸ್ ಅಥವಾ ಒಂದು ಲ್ಯಾಪ್‌ಟಾಪ್ ಇರುವ ಶಾಲೆಯವರು ಕೊಲರಾಡೊ ವಿಶ್ವವಿದ್ಯಾಲಯದ ‘ಫೆಟ್’ ಎಂಬ ಉಚಿತ ಅನುಕರಣ ಪ್ರಯೋಗಗಳನ್ನು ಬಳಸಬಹುದು. ಅವುಗಳಲ್ಲಿ ಹಲವು ಕನ್ನಡದಲ್ಲೂ ಇರುವುದರಿಂದ, ಒಂದೇ ವಿದ್ಯುನ್ಮಂಡಲವನ್ನು ಮೊದಲು ಕನ್ನಡದ ಪರದೆಯಲ್ಲಿ, ಆಮೇಲೆ ಇಂಗ್ಲಿಷಿನ ಪರದೆಯಲ್ಲಿ ತೋರಿಸಲು ಅನುಕೂಲವಾಗುತ್ತದೆ.

ಅಂಕಗಳ ಪ್ರಶ್ನೆ

ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಯಾದ ಇಂಗ್ಲಿಷಿಗೂ ವಿಜ್ಞಾನಕ್ಕೂ 80 ಅಂಕಗಳ ಲಿಖಿತ ಪರೀಕ್ಷೆ ಮತ್ತು 20 ಅಂಕಗಳ ಆಂತರಿಕ ಮೌಲ್ಯಮಾಪನ ಇದೆ. ಈ ಆಂತರಿಕ ಅಂಕಗಳಿಗಾಗಿ ವರ್ಷದುದ್ದಕ್ಕೂ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗಳನ್ನು ಇಬ್ಬರೂ ಸೇರಿ ಯೋಜಿಸಿದರೆ ಮಕ್ಕಳ ಹೊರೆಯೂ ಕಡಿಮೆಯಾಗುತ್ತದೆ, ಕೆಲಸದ ಗುಣವೂ ಹೆಚ್ಚುತ್ತದೆ. ಮಗು ಮಾಡಿದ ಒಂದೇ ಪ್ರಯೋಗದ ಕನ್ನಡ ವರದಿಗೆ ವಿಜ್ಞಾನದಲ್ಲಿ ಅಂಕ ಕೊಡಿ, ಅದೇ ಪ್ರಯೋಗದ ಬಗ್ಗೆ ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತನಾಡಿದ್ದಕ್ಕೆ ಇಂಗ್ಲಿಷಿನಲ್ಲಿ ಅಂಕ ಕೊಡಿ. ಅಂಗಡಿಯಿಂದ ತಂದ ಚಾರ್ಟನ್ನು ಒಪ್ಪಿಸಿ ಅಂಕ ಪಡೆಯುವ ಪದ್ಧತಿ ಇದರಿಂದ ತಾನಾಗಿ ನಿಲ್ಲುತ್ತದೆ.

ಉತ್ತೀರ್ಣರಾಗುವುದೇ ಕಷ್ಟವೆನಿಸುವ ಮಕ್ಕಳಿಗೆ ಜನವರಿಯ ನಂತರ ‘ಪಾಸಿಂಗ್ ಪ್ಯಾಕೇಜ್’ ಕೊಟ್ಟು ಓದಿಸುವುದು ಎಲ್ಲ ಶಾಲೆಗಳಲ್ಲೂ ಇದೆ, ಅದರ ಅಗತ್ಯವೂ ಇದೆ. ಆ ಮಕ್ಕಳಿಗೆ ಈ ಜೋಡಿ ಪಾಠ ಬೇಡವೆಂದು ಮಾತ್ರ ತಿಳಿಯಬೇಡಿ. ಬಾಯಿಪಾಠ ಮಾಡಿದ ಪ್ರಬಂಧಕ್ಕಿಂತ, ತಾನು ಮಾಡಿದ ಪ್ರಯೋಗದ ಬಗ್ಗೆ ಬರೆದ ನಾಲ್ಕು ಸಾಲುಗಳು ಪರೀಕ್ಷಾ ಕೊಠಡಿಯಲ್ಲಿ ಹೆಚ್ಚು ನೆನಪಿನಲ್ಲಿರುತ್ತವೆ.

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ

ಪರೀಕ್ಷೆ ಮುಗಿದು ಪಿಯುಸಿ ತರಗತಿಗಳು ಆರಂಭವಾಗುವವರೆಗಿನ ಬಿಡುವು ವಿಜ್ಞಾನ ಆಯ್ದುಕೊಳ್ಳುವ ಮಕ್ಕಳಿಗೆ ಅತ್ಯಂತ ಬೆಲೆಯುಳ್ಳ ಸಮಯ. ಹತ್ತನೆಯ ತರಗತಿಯ ಇಂಗ್ಲಿಷ್ ಮಾಧ್ಯಮದ ವಿಜ್ಞಾನ ಪಠ್ಯಪುಸ್ತಕವನ್ನು ಅವರಿಗೆ ಒದಗಿಸಿ. ನಮ್ಮ ಕನ್ನಡ ಪುಸ್ತಕದಲ್ಲಿರುವ ಅದೇ ಪಾಠ, ಅದೇ ಚಿತ್ರ, ಅದೇ ಲೆಕ್ಕಗಳು ಅದರಲ್ಲೂ ಇವೆ. ಪಿಯುಸಿಯ ಹೊಸ ಪುಸ್ತಕವನ್ನು ರಜೆಯಲ್ಲೇ ಆರಂಭಿಸುವುದಕ್ಕಿಂತ, ಗೊತ್ತಿರುವ ಪಾಠವನ್ನು ಇಂಗ್ಲಿಷಿನಲ್ಲಿ ಮತ್ತೊಮ್ಮೆ ಓದುವುದು ಹೆಚ್ಚು ಉಪಯುಕ್ತವೆಂದು ನಾನು ಖಚಿತವಾಗಿ ಹೇಳಬಲ್ಲೆ.

ಓದುವ ವಿಧಾನವನ್ನೂ ಕಲಿಸಿ ಕಳುಹಿಸಬೇಕು. ದಿನಕ್ಕೆ ಎರಡು ಪುಟ ಸಾಕು. ಮೊದಲು ಕನ್ನಡ ಪುಸ್ತಕದ ಆ ಭಾಗವನ್ನು ಓದಿ ಮುಚ್ಚಿಡಬೇಕು. ಆಮೇಲೆ ಇಂಗ್ಲಿಷ್ ಪುಟವನ್ನು ಗಟ್ಟಿಯಾಗಿ ಓದಿ, ತಿಳಿಯದ ಪದಗಳಿಗೆ ಅಡಿಗೆರೆ ಹಾಕಿ, ಪದಪುಸ್ತಕದಲ್ಲಿ ಇವೆಯೇ ಎಂದು ನೋಡಬೇಕು. ಕೊನೆಗೆ ಎರಡೂ ಪುಸ್ತಕಗಳನ್ನು ಮುಚ್ಚಿ ಆ ಪುಟದ ಚಿತ್ರವನ್ನು ತಾನೇ ಬರೆದು, ಭಾಗಗಳನ್ನು ಇಂಗ್ಲಿಷಿನಲ್ಲಿ ಹೆಸರಿಸಿ, ಚಿತ್ರದ ಕೆಳಗೆ ಮೂರು ವಾಕ್ಯ ಬರೆಯಬೇಕು. ಕಾಲೇಜು ಆರಂಭವಾದ ಮೇಲೆ ಮೊದಲ ತಿಂಗಳು ಉಪನ್ಯಾಸದಲ್ಲಿ ಕೇಳಿದ ಹೊಸ ಪದಗಳನ್ನು ಅದೇ ಪದಪುಸ್ತಕದ ಉಳಿದ ಪುಟಗಳಲ್ಲಿ ಬರೆಯುತ್ತಾ ಹೋಗಲಿ, ಮತ್ತು ತಿಂಗಳ ಕೊನೆಯ ಶನಿವಾರ ಆ ಪುಸ್ತಕವನ್ನು ಹಿಡಿದುಕೊಂಡು ಒಮ್ಮೆ ಹಳೆಯ ಶಾಲೆಗೆ ಬರಲಿ. ಯಾವ ಪದಗಳಲ್ಲಿ ಅವರು ಎಡವಿದರೆಂಬುದನ್ನು ಇಬ್ಬರೂ ಶಿಕ್ಷಕರು ನೋಡಿ ಗುರುತು ಹಾಕಿಕೊಂಡರೆ, ಈ ವರ್ಷದ ಹತ್ತನೆಯ ತರಗತಿಗೆ ಯಾವ ಪದಗಳನ್ನು ಆರಿಸಬೇಕೆಂಬುದು ತಿಳಿಯುತ್ತದೆ.